ಮೂಲೆ ನನ್ನದು, ನಡು ಅವರದು

ಮೊನ್ನೆ ನನ್ನ ಮೊಮ್ಮಗಳು ಲತಾ ಬೀರು ಖಾಲಿ ಮಾಡುತ್ತ ನನ್ನ ಗುಂಡಿ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು, ಸತ್ತ ಇಲಿಯನ್ನು ಹಿಡಿದ ಹಾಗೆ.

"ಅಜ್ಜೀ, ಇದನ್ನ ಬಿಸಾಕ್ಲಾ? ಜಿರಲೆ ಮೊಟ್ಟೆ ಇಟ್ಟಿದೆ."

"ನಿನ್ನ ಬಿಸಾಕ್ತೀನಿ. ಇಕ್ಕಡೆ ಕೊಡೇ."

ಊಟದ ತಟ್ಟೆಯಷ್ಟು ಅಗಲದ ಚೌಕ, ಎರಡು ಬೆರಳು ದಪ್ಪ, ರಟ್ಟಿನದು. ಮೊದಲು ಅದರೊಳಗೆ ರೇಡಿಯೋದವರ ಟೇಪು ಇತ್ತು. ಆಮೇಲೆ ನನ್ನ ರವಿಕೆ ಗುಂಡಿ, ಹುಕ್ಕು, ಸೂಜಿ ಬಂದವು. ಮುಚ್ಚಳದ ಮೇಲೆ ನಾನೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ಮೈದಾ ಅಂಟಿನಲ್ಲಿ ಅಂಟಿಸಿದ್ದೆ. ಈಗ ಹುಳ ಅಂಟನ್ನೆಲ್ಲ ತಿಂದು ಲಕ್ಷ್ಮಿ ಅರ್ಧ ಮೇಲೆದ್ದು ನಿಂತಿದ್ದಳು.

ನಾನು ಓದಿರುವುದು ಚಿಕ್ಕಜಾಲದ ಸ್ಕೂಲಿನಲ್ಲಿ ಮೂರನೇ ಕ್ಲಾಸು. ಅಚ್ಚಿನ ಅಕ್ಷರ ಬೆರಳಿಟ್ಟು ಓದುತ್ತೇನೆ, ಬೇರೆಯವರ ಕೈಬರಹ ಓದಲು ಬಾರದು. ಇದನ್ನು ನಾನೇ ಅಕ್ಷರ ಕೂಡಿಸಿ ಬರೆದದ್ದು. ಒತ್ತಕ್ಷರ ತಪ್ಪಿದ ಕಡೆ ಲತಾ ತಿದ್ದಿದ್ದಾಳೆ. ಮಾತು ಮಾತ್ರ ತಿದ್ದಬೇಡ ಅಂತ ಹೇಳಿದ್ದೇನೆ. ಆದ್ದರಿಂದ ನಿಮಗೆ ಒರಟು ಅನ್ನಿಸಿದರೆ ಅದು ನಂದು.

ನಮ್ಮ ಯಜಮಾನರು ಪೇಪರಿನಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದರು. ಆಮೇಲೆ ರೇಡಿಯೋದಲ್ಲಿ ಪ್ರೊಡ್ಯೂಸರ್ ಆದರು. ಹೀಗೆ ಎರಡು ಸಾಲಿನಲ್ಲಿ ಹೇಳಿದರೆ ದೊಡ್ಡ ಮನುಷ್ಯರ ಕಥೆ ಕೇಳಿದ ಹಾಗಿರುತ್ತದೆ. ನಾವಿದ್ದದ್ದು ಯಲಹಂಕದ ಹಳೇ ಊರಿನಲ್ಲಿ, ಎರಡು ಕೋಣೆಯ ಹೆಂಚಿನ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಅವರ ಮೇಜು, ಹಿಂದಿನ ಕೋಣೆಯಲ್ಲಿ ನನ್ನ ಒಲೆ. ಅವರ ಪೇಪರು ನನ್ನ ಒಲೆಗೆ ಬರುತ್ತಿತ್ತು, ನನ್ನ ಮಸಿ ಅವರ ಪೇಪರಿಗೆ ಹೋಗುತ್ತಿತ್ತು.

ಮದುವೆಯಾದ ಹೊಸದರಲ್ಲಿ ಅವರಿಗೆ ಸೊಕ್ಕು ಅಂತ ಊರೆಲ್ಲ ಹೇಳುತ್ತಿತ್ತು. ಸ್ಟೇಷನ್ನಿನಲ್ಲಿ ಪಕ್ಕದಲ್ಲೇ ನಿಂತು ಕೈ ಮುಗಿದರೆ ತಿರುಗಿಯೂ ನೋಡರು. "ಪೇಪರ್ನೋನು ಕಣಮ್ಮ, ನಮ್ಮನ್ನೆಲ್ಲ ನೋಡ್ತಾನಾ?" ಅಂತ ಪಕ್ಕದ ಮನೆ ಜೈತೂನ್ ಬೀ ನನ್ನ ಮುಖಕ್ಕೇ ಹೇಳಿದಳು. ನಾನೂ ನಂಬಿದ್ದೆ. ಆದರೆ ಸೊಕ್ಕಿನವನು ಬಾಗಿಲ ಚೌಕಟ್ಟಿಗೆ ದಿನಾ ಭುಜ ಯಾಕೆ ಗುದ್ದಿಸಿಕೊಳ್ಳುತ್ತಾನೆ? ಊಟಕ್ಕೆ ಕೂತಾಗ ತಟ್ಟೆಯ ಪಕ್ಕದ ನೀರಿನ ಲೋಟವನ್ನು ಯಾಕೆ ಉರುಳಿಸುತ್ತಾನೆ?

ನೀವು ಎರಡು ಮುಷ್ಟಿಯನ್ನು ಕೊಳವೆ ಮಾಡಿ ಕಣ್ಣಿಗೆ ಹಿಡಿದು ನೋಡಿ. ಅವರಿಗೆ ಲೋಕ ಕಾಣುತ್ತಿದ್ದದ್ದು ಹಾಗೆ. ನಡು ಚೆನ್ನಾಗಿ ಕಾಣುತ್ತಿತ್ತು, ಅಕ್ಷರ ಓದುತ್ತಿದ್ದರು. ಅಕ್ಕಪಕ್ಕ ಕತ್ತಲೆ. ಕಣ್ಣಿನ ಡಾಕ್ಟರು, ಇದಕ್ಕೆ ಕನ್ನಡಕ ಇಲ್ಲ, ಮದ್ದೂ ಇಲ್ಲ, ವರ್ಷ ವರ್ಷ ಇನ್ನೂ ಕಿರಿದಾಗುತ್ತದೆ ಅಂದರಂತೆ. ಪೇಪರಿನವರಿಗೆ ಇದು ಗೊತ್ತಾದರೆ ಅವತ್ತೇ ಮನೆಗೆ. ನನಗೆ ಹೇಳಿದ್ದೂ ಮದುವೆಯಾಗಿ ಒಂದು ವರ್ಷದ ಮೇಲೆ, ಅದೂ ನಾನು ಜಗಳ ತೆಗೆದು ಕೇಳಿದಾಗ.

"ಅಂಗಾದ್ರೆ ಸಿನಿಮಾ ಎಂಗ್ರೀ ನೋಡ್ತೀರಾ?"

"ಅರ್ಧ ನೋಡ್ತೀನಿ. ಮಿಕ್ಕಿದ್ದು ಊಹೆ ಮಾಡ್ತೀನಿ."

"ಊಹೆ ಮಾಡಿ ಬರೀತೀರಾ? ಥೂ. ನಾನೂ ಬತ್ತೀನಿ, ನಡೀರಿ."

ಪೇಪರಿನವರಿಗೆ ಚಿತ್ರಮಂದಿರದಿಂದ ಇಬ್ಬರಿಗೆ ಪಾಸು ಬರುತ್ತಿತ್ತು. ಬೆಳಗ್ಗೆ ಮುದ್ದೆ ತಿರುವಿಟ್ಟು, ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು. ಪೇಪರಿನವರಿಗೆಂದೇ ಹಾಕುತ್ತಿದ್ದ ಬೆಳಗಿನ ಆಟದಲ್ಲಿ ಹತ್ತು ಹನ್ನೆರಡು ಗಂಡಸರು ಕಾಲು ಚಾಚಿ ಕೂತಿರುತ್ತಿದ್ದರು. ಅವರ ಮಧ್ಯೆ ಸೆರಗು ಹೊದ್ದ ನಾನೊಬ್ಬಳು. ಅವರಲ್ಲಿ ಒಬ್ಬ, "ಏನ್ ಗುರೂ, ಸಿನಿಮಾ ನೋಡೋಕೂ ಮನೆಯೋರ ಪರ್ಮಿಷನ್ ಬೇಕಾ?" ಅಂತ ಕೇಳುತ್ತಿದ್ದ. ಇವರು, "ಬೇಕಪ್ಪಾ, ನಮ್ಮನೇಲಿ ಹಂಗೇನೇ," ಅಂತ ನಕ್ಕು ಕೂರುತ್ತಿದ್ದರು.

ಕೆಲಸದ ಕ್ರಮ ಹೀಗಿತ್ತು. ಪರದೆಯ ನಡು ಅವರದು, ನಾಲ್ಕು ಮೂಲೆ ನನ್ನದು. ಅವರ ಕಿವಿಯ ಹತ್ತಿರ ನಾನು ಪಿಸುಗುಡಬೇಕು. "ಎಡಕ್ಕೆ ಅತ್ತೆ ಬಂದ್ಳು." "ಬಲಕ್ಕೆ ಬಾಗ್ಲು ತೆಗೀತು, ಯಾರೂ ಬಂದಿಲ್ಲ." "ಮೇಲೆ ಗೋಡೆ ಮೇಲೆ ಸತ್ತೋದ ಅಪ್ಪನ ಪಟ, ಹಾರ ಒಣಗೈತೆ." ಅವರು ಕತ್ತಲೆಯಲ್ಲೇ ಮಡಿಲ ಮೇಲೆ ಕಾಗದ ಇಟ್ಟುಕೊಂಡು ದಪ್ಪ ದಪ್ಪ ಅಕ್ಷರದಲ್ಲಿ ಗೀಚುತ್ತಿದ್ದರು.

ನನಗೆ ಸಿನಿಮಾ ಗೊತ್ತಿರಲಿಲ್ಲ, ಮನೆ ಗೊತ್ತಿತ್ತು. ನಡುವೆ ಒಬ್ಬ ಬಡ ವಿಧವೆ ಗಂಜಿಗೆ ಗತಿಯಿಲ್ಲ ಅಂತ ಗೋಳಾಡುತ್ತಿರುತ್ತಾಳೆ. ಮೂಲೆಯಲ್ಲಿ ನೋಡಿದರೆ ಹಿತ್ತಾಳೆ ಕೊಡ ಐದು, ಒಂದರ ಮೇಲೊಂದು. ನಾಯಕಿ ಹಸುವಿನ ಹಾಲು ಕರೆಯುತ್ತ ಹಾಡುತ್ತಾಳೆ, ಸುತ್ತಮುತ್ತ ಎಲ್ಲೂ ಕರು ಕಾಣದು. ಹಿಂದಿನ ಸಾಲಿನಲ್ಲಿ ಕುಣಿಯುವ ಹುಡುಗಿ ಆಕಳಿಸುತ್ತಾಳೆ. ನಾನು "ಆ ಮುದ್ಕಿಗೆ ಮುದ್ದೆ ತಿರುವಾಕೇ ಬರಲ್ಲ ಕಣ್ರೀ" ಅಂದರೆ ಅವರು "ಗ್ರಾಮೀಣ ಬದುಕಿನ ಪರಿಚಯದ ಅಭಾವ ಎದ್ದು ಕಾಣುತ್ತದೆ" ಅಂತ ಬರೆಯುತ್ತಿದ್ದರು. ಬರೆದದ್ದನ್ನು ಆಫೀಸಿಗೆ ಕೊಡುವ ಮೊದಲು ನನಗೊಮ್ಮೆ ಓದಿ ಹೇಳುವುದು ರೂಢಿ. ತಪ್ಪಿದ್ದರೆ ನಾನು ಅಡುಗೆ ಕೋಣೆಯಿಂದಲೇ ಕೂಗಬೇಕು.

ಓದುಗರು ಕಾಗದ ಬರೆದರು. ಈ ವಿಮರ್ಶಕರ ಕಣ್ಣಿನಿಂದ ಒಂದು ಸೂಜಿಯೂ ತಪ್ಪಿಸಿಕೊಳ್ಳದು ಅಂತ. ಸಂಪಾದಕರು ಆ ಅಂಕಣಕ್ಕೆ 'ಹದ್ದಿನ ಕಣ್ಣು' ಅಂತ ಹೆಸರಿಟ್ಟರು. ಅವತ್ತು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತ ಅವರು ಮತ್ತೆ ನೀರಿನ ಲೋಟ ಉರುಳಿಸಿದರು.

ಇಲ್ಲಿವರೆಗೆ ಬರೆಯುವುದು ಸುಲಭ. ಮುಂದಿನದಕ್ಕೆ ಎರಡು ದಿನ ಹಿಡಿಯಿತು. ಮಧ್ಯೆ ಎದ್ದು ಹೋಗಿ ಸೊಪ್ಪು ಬಿಡಿಸಿದೆ, ಇಲ್ಲದ ಬಟ್ಟೆ ಹುಡುಕಿ ಒಗೆದೆ.

ನಮಗೊಂದು ಗಂಡುಮಗು ಆಗಿತ್ತು. ಎಂಟು ತಿಂಗಳು ಇತ್ತು. ಜ್ವರದಲ್ಲಿ ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಯಾಕೆಂದರೆ ಆಗ ನಾನು ಅವರಿಗೂ ಹೇಳಿರಲಿಲ್ಲ. ಅವರೂ ಕೇಳಲಿಲ್ಲ. ಮಗುವಿನ ಬಟ್ಟೆಗಳನ್ನು ಜೈತೂನ್ ಬೀ ಬಂದು ಗಂಟು ಕಟ್ಟಿಕೊಂಡು ಹೋದಳು. ಜೋಲಿ ಕಟ್ಟಿದ್ದ ಸೀರೆಯನ್ನು ನಾನು ಮತ್ತೆ ಉಟ್ಟೆ. ಇನ್ನೇನು ಮಾಡಲಿ, ಇದ್ದದ್ದೇ ಮೂರು ಸೀರೆ.

ಮೂರು ತಿಂಗಳಾದ ಮೇಲೆ ಒಂದು ಪಾಸು ಬಂತು. "ಬರ್ತೀಯೇನೇ?" ಅಂದರು. ಹೋದೆ.

ಆ ಸಿನಿಮಾದ ಹೆಸರು ಬೇಡ. ತೆಗೆದವರು ಒಳ್ಳೆಯವರೇ, ಸಿನಿಮಾವೂ ಒಳ್ಳೆಯದೇ. ಕೊನೆಯ ನೋಟ ಹೇಳುತ್ತೇನೆ. ಪರದೆಯ ನಡುವೆ ತಾಯಿ ಕೂತು ಹೂ ಕಟ್ಟುತ್ತಿದ್ದಾಳೆ, ನಗುನಗುತ್ತ ಜೋಗುಳ ಹಾಡುತ್ತಿದ್ದಾಳೆ, ಕಾಲಬೆರಳಿಗೆ ಸಿಕ್ಕಿಸಿದ ಹಗ್ಗವನ್ನು ಎಳೆಯುತ್ತಿದ್ದಾಳೆ. ಹಗ್ಗದ ಇನ್ನೊಂದು ತುದಿ ಎಡಗಡೆ ಮೂಲೆಯ ತೊಟ್ಟಿಲಲ್ಲಿದೆ. ಆ ಮೂಲೆಗೆ ಮನೆಕೆಲಸದ ಮುದುಕಿ ಬರುತ್ತಾಳೆ. ತೊಟ್ಟಿಲೊಳಗೆ ಬಗ್ಗಿ ನೋಡುತ್ತಾಳೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಾಗೇ ಕೆಳಗೆ ಕುಸಿದು ಕೂರುತ್ತಾಳೆ. ತಾಯಿಗೆ ಗೊತ್ತಿಲ್ಲ. ಅವಳು ಹಾಡುತ್ತಲೇ ಇದ್ದಾಳೆ, ಹಗ್ಗ ಎಳೆಯುತ್ತಲೇ ಇದ್ದಾಳೆ. ಅಲ್ಲಿಗೆ ಸಿನಿಮಾ ಮುಗಿಯಿತು. ಒಂದು ಮಾತಿಲ್ಲ, ಒಂದು ಅಳು ಇಲ್ಲ, ಬರೀ ಆ ಹಾಡು.

ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚುವ ಮೊದಲು ಎಲ್ಲ ನೋಡಿಯಾಗಿತ್ತು.

ದೀಪ ಹತ್ತಿತು. ಗಂಡಸರು ಬೀಡಿ ಸಿಗರೇಟು ಹಚ್ಚಲು ಹೊರಗೆ ನಡೆದರು. ಇವರು ಕಾಗದ ಮಡಿಸುತ್ತ ಕೇಳಿದರು.

"ಕೊನೇಲಿ ಮೂಲೇಲಿ ಏನಾದ್ರೂ ಇತ್ತೇನೇ?"

"ಏನೂ ಇರ್ಲಿಲ್ಲ."

ಮಾರನೇ ದಿನ ಮುಂದಿನ ಕೋಣೆಯಿಂದ ಓದಿ ಹೇಳಿದರು. ಎಷ್ಟೋ ದಿನದ ಮೇಲೆ ಒಂದು ಚಿತ್ರ ನಗುತ್ತ ಮುಗಿಯುತ್ತದೆ, ತಾಯಿ ಹಾಡುತ್ತಾಳೆ, ಮಗು ಮಲಗುತ್ತದೆ, ನಾವು ಹಗುರವಾಗಿ ಮನೆಗೆ ಹೋಗುತ್ತೇವೆ. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಓದಿ ಮುಗಿಸಿ ಅವರು ಸ್ವಲ್ಪ ಹೊತ್ತು ಕಾದರು, ನಾನು ಕೂಗುತ್ತೇನೇನೋ ಅಂತ. ನಾನು ಕೂಗಲಿಲ್ಲ. ಅವರು ಚಪ್ಪಲಿ ಮೆಟ್ಟಿ ರೈಲಿಗೆ ಹೋದರು.

ಚಿತ್ರ ತೆರೆ ಕಂಡಿತು. ಆಟ ಬಿಟ್ಟಾಗ ಹೆಂಗಸರು ರಸ್ತೆಯಲ್ಲೇ ನಿಂತು ಅತ್ತರಂತೆ. ನಮ್ಮ ಪೇಪರಿನಲ್ಲಿ ಮಾತ್ರ ಎಲ್ಲರೂ ಹಗುರವಾಗಿ ಮನೆಗೆ ಹೋಗಿದ್ದರು. ಕಾಗದಗಳು ಬಂದವು. ಹದ್ದಿಗೆ ಕಣ್ಣು ಹೋಯಿತೇ ಅಂತ ಒಬ್ಬರು, ಮಗು ಸತ್ತರೆ ನಗುವ ಪತ್ರಿಕೆ ನಮಗೆ ಬೇಡ ಅಂತ ಇನ್ನೊಬ್ಬರು. ಸಂಪಾದಕರು ಇವರನ್ನು ಒಳಗೆ ಕರೆದರು. ಸಾಯಂಕಾಲ ಮನೆಗೆ ಬಂದು ಅವರು ಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತರು.

"ಅಂಕಣ ಹೋಯ್ತು ಕಣೇ. ಇನ್ಮೇಲೆ ಪ್ರೂಫ್ ನೋಡು ಅಂದ್ರು."

"ಏನಂತ ಕೇಳಿದ್ರು?"

"ಏನಯ್ಯಾ ಆಗಿತ್ತು ನಿಂಗೆ ಅಂದ್ರು. ನಿದ್ದೆ ಮಾಡ್ಬಿಟ್ಟೆ ಸಾರ್ ಅಂದೆ."

"ನೀವು ನಿದ್ದೆ ಮಾಡಿರ್ಲಿಲ್ವಲ್ಲ."

"ನೀನೂ ಮಾಡಿರ್ಲಿಲ್ಲ," ಅಂದರು.

ಅಷ್ಟೇ. ಬೈಯಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಮುಗಿಸಿಬಿಡುತ್ತಿದ್ದೆ. ಅವರು ನಮ್ಮಿಬ್ಬರ ನಡುವೆ ಜಾಗ ಬಿಟ್ಟು ಕೂತರು. ಆ ಜಾಗದಲ್ಲಿ ನಾವು ಆರು ವರ್ಷ ಸಂಸಾರ ಮಾಡಿದೆವು. ಅದೇ ಜಾಗದಲ್ಲಿ ಲತಾಳ ತಾಯಿ ಹುಟ್ಟಿದಳು. ಮತ್ತೆ ಅವರ ಜೊತೆ ನಾನು ಸಿನಿಮಾಕ್ಕೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಪ್ರೂಫಿನ ಸಣ್ಣ ಅಕ್ಷರ ಇದ್ದ ಕಣ್ಣನ್ನೂ ಕುಡಿಯಿತು. ಆಗ ಯಾರೋ ಪುಣ್ಯಾತ್ಮರು ರೇಡಿಯೋಗೆ ಅರ್ಜಿ ಹಾಕಿಸಿದರು. ಅಲ್ಲಿ ಇವರಿಗೆ ಹೆಂಗಸರ ಕಾರ್ಯಕ್ರಮ, ಹಳ್ಳಿಯವರ ಕಾರ್ಯಕ್ರಮ ಕೊಟ್ಟರು. ರೇಡಿಯೋಗೆ ಮೂಲೆ ಇಲ್ಲವಲ್ಲ. ಅವರ ಮುಖ ಸ್ವಲ್ಪ ತಿಳಿಯಾಯಿತು. ದನಿ ಕೇಳಿಯೇ ಮಾತಾಡುವವರು ಕೂತಿದ್ದಾರೋ ನಿಂತಿದ್ದಾರೋ, ಹಲ್ಲು ಎಷ್ಟು ಉದುರಿವೆ ಅಂತ ಹೇಳುತ್ತಿದ್ದರು. ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುವ ಕೆಲಸ ಬೇರೆ. ಪಕ್ಕದ ಬೆರಳು ಕಾಣದೆ ಕೊಯ್ದುಕೊಂಡು, ಬೆರಳ ತುಂಬ ಬಟ್ಟೆ ಸುತ್ತಿಕೊಂಡು ಮನೆಗೆ ಬರುತ್ತಿದ್ದರು. "ಇವತ್ತು ಒಬ್ರ ಕೆಮ್ಮು ತೆಗೆದೆ ಕಣೇ," ಅನ್ನುವರು, ಹಲ್ಲು ಕಿತ್ತ ಡಾಕ್ಟರ ಹಾಗೆ.

ಆದರೆ ಅಲ್ಲೊಂದು ಪದ್ಧತಿ ಇತ್ತು, ನನಗೆ ಅದು ಕೇಳಿದಾಗಲೇ ಸರಿಬರಲಿಲ್ಲ. ಟೇಪು ಸಿಗುವುದು ಕಷ್ಟ. ಆದ್ದರಿಂದ ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದೇ ಟೇಪನ್ನು ಅಳಿಸಿ ಇನ್ನೊಂದು ತುಂಬುವುದು. ಡಬ್ಬಿಯ ಮೇಲೆ ಹಳೇ ಹೆಸರಿಗೆ ಗೀಟು ಹೊಡೆದು ಕೆಳಗೆ ಹೊಸ ಹೆಸರು ಬರೆಯುವುದು.

"ಅಂದ್ರೆ ಆ ಜನ ಮಾತಾಡಿದ್ದೆಲ್ಲ?"

"ಹೋಯ್ತು."

"ಎಲ್ಲಿಗೆ?"

"ನೀನು ಒರೆಸಿದ ರಂಗೋಲಿ ಎಲ್ಲಿಗೆ ಹೋಗುತ್ತೆ ಹೇಳು," ಅಂದರು.

ಹೀಗಿರುವಾಗ ಅವರಿಗೆ ಜೋಗುಳ ಬೇಕಾಯಿತು. ಜಕ್ಕೂರಿಗೆ ಹೋದರು, ಚಿಕ್ಕಬಾಣಾವರಕ್ಕೆ ಹೋದರು. ಹೆಂಗಸರು ಯಂತ್ರ ಕಂಡ ಕೂಡಲೇ ಹಳೇ ಪದ ಬಿಟ್ಟು ಸಿನಿಮಾ ಹಾಡು ಹಾಡಿದರಂತೆ. ಕೊನೆಗೆ ಚಿಕ್ಕಜಾಲಕ್ಕೆ, ನನ್ನ ತವರಿಗೆ ಹೊರಟರು. ಜೊತೆಗೆ ನನ್ನನ್ನೂ ಕರೆದರು, ಹೆಂಗಸರಿಗೆ ಧೈರ್ಯ ಬರಲಿ ಅಂತ. ಆಫೀಸಿನ ಜೀಪು, ಟ್ರಂಕಿನಷ್ಟು ಭಾರದ ಯಂತ್ರ. ನಮ್ಮ ತಾಯಿ ಅದಕ್ಕೆ ಆರತಿ ಎತ್ತಲು ಹೊರಟಿದ್ದಳು, ನಾನು ತಡೆದೆ.

ನಮ್ಮಮ್ಮ ಹಾಡಲು ಒಪ್ಪಿದಳು. ಆದರೆ ಅಟ್ಟದಿಂದ ಇಳಿಸಿದ ತೊಟ್ಟಿಲು ಖಾಲಿ. ಖಾಲಿ ತೊಟ್ಟಿಲು ತೂಗಬಾರದು ಅಂತ ನಮ್ಮ ಕಡೆ ಶಾಸ್ತ್ರ. ತೂಗದೆ ಜೋಗುಳ ಬಾಯಿಗೆ ಬರದು. ಊರಲ್ಲಿ ಅವತ್ತು ಎರವಲು ಕೊಡಲು ಯಾರ ಮನೆಯಲ್ಲೂ ಹಸುಗೂಸು ಇರಲಿಲ್ಲ. ಅಮ್ಮ ರುಬ್ಬುವ ಕಲ್ಲಿನ ಗುಂಡನ್ನು ತೊಳೆದು, ಕುಂಕುಮ ಇಟ್ಟು, ಬಟ್ಟೆ ಸುತ್ತಿ ಮಲಗಿಸಿದಳು. ನಾಮಕರಣದ ದಿನ ಮಾಡುತ್ತಾರಲ್ಲ, ಹಾಗೆ.

"ಮುನೀ, ನೀನು ಹಗ್ಗ ಎಳಿಯೇ. ನಾನು ಆಡ್ತೀನಿ," ಅಂದಳು.

ನಾನು ಹಗ್ಗ ಹಿಡಿದೆ. ತೊಟ್ಟಿಲು ಒಂದು ಸಲ ಬಂತು, ಒಂದು ಸಲ ಹೋಯಿತು. ಕಲ್ಲಿನ ಭಾರಕ್ಕೆ ಅದು ಮಗುವಿರುವ ತೊಟ್ಟಿಲಿನ ಹಾಗೆಯೇ ಎಳೆಯಿತು. ನಾನು ಹಗ್ಗ ಬಿಟ್ಟು ಹಿತ್ತಲಿಗೆ ಎದ್ದು ಹೋದೆ. ಹಿಂದೆ ಅಮ್ಮ ಬೈಯುವುದು ಕೇಳಿಸಿತು. ಆಮೇಲೆ ಅವಳೇ ಹಗ್ಗ ಎಳೆದುಕೊಂಡು ಹಾಡಿದಳು.

ಹಾಡು ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ನಾನು ಒಳಗೆ ಬಂದೆ. ಪಡಸಾಲೆಯಲ್ಲಿ ಅವರೊಬ್ಬರೇ ಯಂತ್ರದ ಮುಂದೆ ಕೂತಿದ್ದರು. ಟೇಪು ತಿರುಗುತ್ತಲೇ ಇತ್ತು.

"ನಿಲ್ಸಿಲ್ವಾ?"

"ಇನ್ನೂ ಸ್ವಲ್ಪ ಟೇಪು ಉಳಿದಿದೆ. ಬಾ, ಕೂತ್ಕೋ." ಕೂತೆ. ಅವರು ಮೈಕನ್ನು ತಡಕಿ ನನ್ನ ಕಡೆ ತಿರುಗಿಸಿದರು. "ಮುನ್ಯಮ್ಮ, ಆ ಸಿನಿಮಾದ ಕೊನೇಲಿ ಮೂಲೇಲಿ ಏನಿತ್ತೇ?"

ಆರು ವರ್ಷ ಕಳೆದಿತ್ತು. ಯಾವ ಸಿನಿಮಾ ಅಂತ ನಾನೂ ಕೇಳಲಿಲ್ಲ.

ಹೇಳಿದೆ. ಮುದುಕಿ ಬಂದಳು, ತೊಟ್ಟಿಲೊಳಗೆ ಬಗ್ಗಿದಳು, ಸೆರಗು ಕಚ್ಚಿದಳು ಅಂದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ, ನಮ್ಮ ಮನೆಯ ಮೂಲೆಯನ್ನೂ ಹೇಳಿದೆ. ಅವತ್ತು ಮಧ್ಯಾಹ್ನ ನೀವು ಮುಂದಿನ ಕೋಣೆಯಲ್ಲಿ ಬರೀತಿದ್ರಿ. ಮಗೂಗೆ ಔಷಧಿ ಕುಡಿಸಿ ಒಲೆ ಪಕ್ಕದ ಮೂಲೆಯಲ್ಲಿ ಜೋಲಿಗೆ ಹಾಕಿದೆ. ಹಗ್ಗ ಕಾಲಬೆರಳಿಗೆ ಸಿಕ್ಕಿಸಿಕೊಂಡು ಮುದ್ದೆಗೆ ಇಟ್ಟೆ. ಅಳು ನಿಂತಿತು. ಸದ್ಯ ಮಲಗಿತಲ್ಲ ಅಂದುಕೊಂಡೆ. ಎಸರು ಕುದೀತು, ಹಿಟ್ಟು ಹಾಕಿದೆ, ತಿರುವಿದೆ, ಕಟ್ಟಿದೆ, ಸಾರು ಬಿಸಿ ಮಾಡಿದೆ. ಅಷ್ಟು ಹೊತ್ತೂ ಎಳೀತಾನೇ ಇದ್ದೆ. ಯಾವಾಗ ಹೋಯ್ತೋ ಗೊತ್ತಿಲ್ಲ. ಹೋದ ಮೇಲೂ ಎಷ್ಟು ಹೊತ್ತು ತೂಗಿದ್ನೋ ಗೊತ್ತಿಲ್ಲ. ಊರಿನ ಸಿನಿಮಾದ ಮೂಲೆಯೆಲ್ಲ ಕಾಣ್ತಿತ್ತು ನಂಗೆ, ಮಾರು ದೂರದ ನನ್ನ ಮೂಲೆ ಕಾಣಲಿಲ್ಲ.

ಟೇಪಿನ ತುದಿ ಬಿಟ್ಟುಕೊಂಡು ಚಕ್ರಕ್ಕೆ ಟಪ ಟಪ ಹೊಡೆಯತೊಡಗಿತು. ಅವರು ಬೇಗ ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಿ, ಕೈ ಚಾಚಿ, ಗಾಳಿಯಲ್ಲಿ ಒಂದು ಕ್ಷಣ ಹುಡುಕಿ, ನನ್ನ ತಲೆಯ ಮೇಲೆ ಇಟ್ಟರು.

"ನಾನೂ ಅಲ್ಲೇ ಇದ್ನಲ್ಲೇ, ಪಕ್ಕದ ಕೋಣೇಲಿ," ಅಂದರು.

ಹೊರಗೆ ಅಮ್ಮ, "ಅಳಿಯಂದ್ರೇ, ಮುದ್ದೆ ಆರೋಯ್ತದೆ ಬನ್ನಿ," ಅಂತ ಕೂಗಿದಳು. ಎದ್ದು ಹೋಗಿ ಊಟ ಮಾಡಿದೆವು.

ಆ ವಾರ ಅಮ್ಮನ ಜೋಗುಳ ರೇಡಿಯೋದಲ್ಲಿ ಬಂತು. ಜೈತೂನ್ ಬೀ ನಮ್ಮ ಮನೆಗೆ ಬಂದು ಕೂತು ಕೇಳಿ, "ನಿಮ್ಮಮ್ಮಂಗೆ ಏನ್ ಗಂಟಲಮ್ಮಾ, ಕಬ್ಬಿಣ," ಅಂದಳು. ಜೋಗುಳದ ಕೊನೆಗೆ ನಾನು ಉಸಿರು ಹಿಡಿದು ಕೂತಿದ್ದೆ. ಮುಂದೆ ಏನೂ ಬರಲಿಲ್ಲ, ವಾರ್ತೆ ಬಂತು.

ಅವರು ಮನೆಗೆ ಬಂದ ಮೇಲೆ ಕೇಳಿದೆ. "ನಾನು ಆಡಿದ ಮಾತು ಏನಾಯ್ತು?"

"ಅದರ ಮೇಲೆ ಕುರಿ ಸಾಕಾಣಿಕೆ ಬಂತು ಕಣೇ."

ನನಗೆ ನಗು ಬಂತು. ನಿಜವಾಗಿ ಬಂತು. ಅಳಿಸಿದ್ದು ಒಳ್ಳೆಯದೇ ಆಯಿತು ಅಂದೆ. ಯಾರಾದರೂ ಕೇಳಿದ್ದರೆ ಏನು ಗತಿ? ಆದರೂ ಆ ವಾರವೆಲ್ಲ ರೇಡಿಯೋದಲ್ಲಿ ಕುರಿಯ ಮಾತು ಬರುತ್ತದೇನೋ ಅಂತ ಕಾಯುತ್ತಿದ್ದೆ. ನಾನು ಕಾಯುತ್ತಿದ್ದಾಗ ಬರಲಿಲ್ಲ.

ಸ್ವಲ್ಪ ದಿನಕ್ಕೆ ಈ ಖಾಲಿ ಡಬ್ಬಿ ತಂದುಕೊಟ್ಟರು. ಮೂಲೆ ಹರಿದಿದೆ, ಆಫೀಸಿಗೆ ಬೇಡ, ನಿನ್ನ ಗುಂಡಿಗಾಗುತ್ತೆ ಇಟ್ಟುಕೋ ಅಂದರು. ಮುಚ್ಚಳದ ತುಂಬ ಗೀಚು, ಹೊಡೆದುಹಾಕಿದ ಗೀಟು. ನೋಡಲು ಅಸಹ್ಯ ಅಂತ ಅವತ್ತೇ ಲಕ್ಷ್ಮಿಯನ್ನು ಅಂಟಿಸಿದೆ. ಅವರು ಅಲ್ಲೇ ಕೂತಿದ್ದರು. ನಾನು ಏನು ಅಂಟಿಸುತ್ತಿದ್ದೇನೆ ಅಂತ ಅವರಿಗೆ ಕಾಣಲಿಲ್ಲವೋ, ಕಂಡೂ ಸುಮ್ಮನಿದ್ದರೋ ತಿಳಿಯದು.

ಆಮೇಲೆ ಕಣ್ಣು ಪೂರ್ತಿ ಹೋಯಿತು, ಕೆಲಸ ಬಿಟ್ಟರು. ಲತಾ ಹುಟ್ಟುವ ಮೊದಲೇ ತೀರಿಕೊಂಡರು. ಅಷ್ಟು ಜನರ ದನಿ ಹಿಡಿದವರು, ಅವರದೇ ದನಿ ಒಂದು ಗೇಣು ಟೇಪಿನಲ್ಲೂ ಉಳಿದಿಲ್ಲ. ಬರೆದ ಪೇಪರುಗಳನ್ನು ನಾನೇ ಒಲೆಗೆ ಹಾಕಿದ್ದೇನೆ. ಅಳಬೇಡಿ, ಎಲ್ಲರ ಮನೆಯಲ್ಲೂ ಹಳೇ ಪೇಪರಿಗೆ ಅದೇ ಗತಿ.

ಮೊನ್ನೆ ಲತಾ ಜಿರಲೆ ಮೊಟ್ಟೆ ಒರೆಸುತ್ತ ಲಕ್ಷ್ಮಿಯನ್ನು ಪೂರ್ತಿ ಕಿತ್ತಳು.

"ಅಜ್ಜೀ, ಕೆಳಗೆ ಏನೋ ಬರ್ದಿದೆ. ತಾತನ ಅಕ್ಷರಾನಾ?"

"ಓದು."

"ರಾಗಿ ಬೆಳೆಯ ರೋಗಗಳು. ಗೀಟು ಹೊಡ್ದಿದಾರೆ. ಹೊಗೆಯಿಲ್ಲದ ಒಲೆ. ಅದಕ್ಕೂ ಗೀಟು. ಜೋಗುಳ, ಚಿಕ್ಕಜಾಲ. ಗೀಟು." ಅವಳು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಮುನಿಯಮ್ಮ. ಪ್ರಸಾರಕ್ಕಲ್ಲ. ಇದು ನೀನಲ್ವಾ ಅಜ್ಜೀ? ಇದಕ್ಕೆ ಗೀಟು ಇಲ್ಲ."

"ಕೆಳಗೆ ಕುರಿ ಐತಾ ನೋಡು."

"ಯಾವ ಕುರಿ?"

"ಕುರಿ ಸಾಕಾಣಿಕೆ ಅಂತ. ಸರಿಯಾಗಿ ನೋಡೇ, ಮೂಲೇಲಿ ಎಲ್ಲಾದ್ರೂ ಇರ್ತದೆ."

ಅವಳು ನಾಲ್ಕು ಮೂಲೆಯನ್ನೂ ಬೆರಳಿಟ್ಟು ನೋಡಿದಳು.

"ಇಲ್ಲ ಅಜ್ಜೀ. ನೀನೇ ಕೊನೆ."